ಅವ್ವನ ಮುಖ ಒಣಗದ ಮಳೆಗಾಲ

ಹೋದ ತಿಂಗಳು ಸಿಂಧನೂರಿನಲ್ಲಿ ನಮ್ಮ ಅಂಗಡಿಯ ಪಕ್ಕದ ಮಳಿಗೆಗೆ ಚಪ್ಪಲಿ ವ್ಯಾಪಾರದವರು ಬಂದರು. ಬಂದವರು ಮೊದಲು ಮಾಡಿಸಿದ ಕೆಲಸ ಚಾವಣಿಗೆ ಪಿಒಪಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಈಗ ಈ ಊರಲ್ಲಿ ಪಿಒಪಿ ಇಲ್ಲದ ಅಂಗಡಿಗೆ ಗಿರಾಕಿ ಕಾಲಿಡುವುದಿಲ್ಲ ಎಂದು ಎಲ್ಲರ ನಂಬಿಕೆ. ಕೆಲಸದವರು ನಮ್ಮ ಮೆಟ್ಟಿಲ ಬಳಿಯೇ ಬಕೆಟ್ಟಿನಲ್ಲಿ ಬಿಳಿ ಪುಡಿಗೆ ನೀರು ಸುರಿದು ಕಲಸಿದರು. ಆ ವಾಸನೆ ಒಳಗೆ ಬಂತು. ಹಸಿ ಸುಣ್ಣವೂ ಅಲ್ಲ, ಹಸಿ ಮಣ್ಣೂ ಅಲ್ಲ, ಎರಡರ ನಡುವಿನ ತಣ್ಣಗಿನ ಒಂದು ವಾಸನೆ. ನಾನು ಆಗ ಕಬಡ್ಡಿ ಶೀಲ್ಡೊಂದರ ಮೇಲೆ ಹೆಸರು ಕೊರೆಯುತ್ತಿದ್ದೆ. ಕೈ ನಿಂತಿತು, ಅಕ್ಷರ ತಪ್ಪಿತು. ಎದುರಿಗೆ ನಿಂತ ಗಿರಾಕಿ, "ಏನ್ರೀ ಅಕ್ಕಾರ, ಹುಷಾರಿಲ್ಲೇನು?" ಎಂದು ಕೇಳಿದ. "ಏನಿಲ್ಲಪ್ಪ, ಕಣ್ಣಾಗ ಧೂಳು ಹೋತು" ಎಂದೆ. ನೀರು ಹಾಕಿ ಕಲಸಿದ್ದರಲ್ಲಿ ಎಲ್ಲಿಯ ಧೂಳು? ಅವನಿಗೂ ಗೊತ್ತಾಗಿರಬೇಕು, ಮುಂದೆ ಕೇಳಲಿಲ್ಲ.

ನನ್ನದು ಶೀಲ್ಡು, ಕಪ್ಪು, ಮೆಡಲುಗಳ ಅಂಗಡಿ. ಶಾಲೆಯ ಕ್ರೀಡಾಕೂಟಕ್ಕೆ, ನಿವೃತ್ತರಾಗುವ ಮಾಸ್ತರರ ಸನ್ಮಾನಕ್ಕೆ, ಓಣಿಯ ಕ್ರಿಕೆಟ್ಟಿಗೆ ಬೇಕಾಗುವ ಹೊಳೆಯುವ ಸಾಮಾನೆಲ್ಲ ನನ್ನಲ್ಲಿ ಸಿಗುತ್ತದೆ. ಬೋರ್ಡಿನ ಮೇಲೆ ಅಂಗಡಿಯ ಹೆಸರಿಗಿಂತ ದೊಡ್ಡದಾಗಿ "ಒಂದೇ ತಾಸಿನಲ್ಲಿ ಹೆಸರು ಹಾಕಿಕೊಡಲಾಗುವುದು" ಎಂದು ಬರೆಸಿದ್ದೇನೆ. ಅದು ವ್ಯಾಪಾರದ ಮಾತಷ್ಟೇ ಅಲ್ಲ, ನನ್ನ ಸ್ವಭಾವವೂ ಹೌದು. ಕಾಯುವುದೆಂದರೆ ನನಗೆ ಮೈಮೇಲೆ ಇರುವೆ ಬಿಟ್ಟ ಹಾಗೆ. ಅನ್ನ ಬೇಯುವುದರೊಳಗೆ ನಾಲ್ಕು ಸಲ ಮುಚ್ಚಳ ತೆಗೆದು ನೋಡುವವಳು ನಾನು. ಅದಕ್ಕೆ ನಮ್ಮ ಮನೆಯವರು ಮೊದಲೆಲ್ಲ ಬಹಳ ಚುಡಾಯಿಸುತ್ತಿದ್ದರು. ಅಮರೇಶ ಕಾಕಾನ ಆ ಮಳೆಗಾಲದ ನಂತರ ಅವರು ಚುಡಾಯಿಸುವುದನ್ನು ಬಿಟ್ಟರು.

ಕಾಕಾ ನನಗೆ ಪರಿಚಯವಾದದ್ದು ಚಹಾ ಅಂಗಡಿಯ ಮುಂದಿನ ಒಂದು ತಕರಾರಿನಲ್ಲಿ. ಜೂನ್ ತಿಂಗಳ ಮೊದಲ ಮಳೆ ಬಿದ್ದ ವಾರ. ನಮ್ಮ ಎದುರಿನ ಚಹಾ ಅಂಗಡಿಯಲ್ಲಿ ಬಿಳಿ ಗಡ್ಡದ, ಸಡಿಲ ಜುಬ್ಬಾದ ಹಿರಿಯರೊಬ್ಬರು ಹತ್ತು ರೂಪಾಯಿಯ ಬಿಲ್ಲೆಯೊಂದನ್ನು ಹಿಡಿದು ನಿಂತಿದ್ದರು.

"ಇದು ನಡೆಯಂಗಿಲ್ರೀ ಯಜಮಾನ್ರ" ಎಂದ ಚಹಾದವನು.

"ಯಾಕ ನಡೆಯಂಗಿಲ್ಲ? ಸರಕಾರದ್ದೈತಿ."

"ಸರಕಾರದ್ದಿರಬಹುದು. ಸಿಂಧನೂರಾಗ ಯಾರೂ ತಗೊಳಂಗಿಲ್ಲ."

"ಇದರ ಈ ಮಗ್ಗಲಾ ಬರೆದಾವ ನಾನಪ್ಪ."

"ಹಂಗಾದ್ರ ಒಂದು ನೋಟು ಬರಕೊಡ್ರಿ, ತಗೊಂತೀನಿ."

ಸುತ್ತ ನಿಂತವರೆಲ್ಲ ನಕ್ಕರು. ಹಿರಿಯರೂ ನಕ್ಕರು. ಅವರ ನಗುವಿನಲ್ಲಿ ಅವಮಾನವಿರಲಿಲ್ಲ, ದಣಿವಿತ್ತು. ನಾನೇ ದಾಟಿ ಹೋಗಿ ಬಿಲ್ಲೆ ತೆಗೆದುಕೊಂಡು ನೋಟು ಕೊಟ್ಟೆ. ಅವರು ಚಹಾ ಕುಡಿದು ನಮ್ಮ ಅಂಗಡಿಗೆ ಬಂದು ಗೋಡೆಯ ಮೆಡಲುಗಳನ್ನು ನೋಡುತ್ತ ನಿಂತರು. ಒಂದನ್ನು ಕೈಗೆ ತೆಗೆದುಕೊಂಡು ಅದರ ಮೇಲೆ ಹೆಬ್ಬೆರಳು ಆಡಿಸಿದರು.

"ಇಂವ ಏನು ಮಾಡಾಕತ್ತಾನ?"

"ಓಡಾಕತ್ತಾನ್ರೀ. ಓಟದ ಮೆಡಲ್ ಅದು."

"ಓಡಾಕತ್ತಿಲ್ಲವಾ ತಂಗಿ. ಬೀಳಾಕತ್ತಾನ. ಕಾಲು ನೋಡು."

ನೋಡಿದೆ. ನಿಜವೇ. ಹನ್ನೆರಡು ವರ್ಷ ನಾನು ಗೆದ್ದವರ ಕೊರಳಿಗೆ ಬೀಳುವ ಮನುಷ್ಯನನ್ನು ಮಾರುತ್ತ ಬಂದಿದ್ದೆ.

ಅವರು ಬಳಗಾನೂರಿನ ಕೂಲಿ ಮನೆತನದವರು. ಓದಿನಲ್ಲಿ ಮುಂದಿದ್ದು, ಚಿತ್ರಕಲೆ ಕಲಿತು, ದೂರದ ಊರಿನ ಟಂಕಸಾಲೆಯಲ್ಲಿ ಮೂವತ್ತು ವರ್ಷ ನಾಣ್ಯ ಮತ್ತು ಪದಕಗಳಿಗೆ ಮಾದರಿ ಮಾಡುವ ಕೆಲಸದಲ್ಲಿದ್ದರು. ನಿವೃತ್ತಿಯ ನಂತರ ಮಸ್ಕಿಯಲ್ಲಿ ಗುಡ್ಡದ ಬುಡಕ್ಕೆ ಒಂದು ಹಳೆಯ ಮನೆ ಬಾಡಿಗೆಗೆ ಹಿಡಿದಿದ್ದರು. ಮದುವೆಯಾಗಿರಲಿಲ್ಲ. ಕೇಳಿದರೆ "ಮರ್ತೆ" ಎನ್ನುತ್ತಿದ್ದರು. ನಾನು "ಸರ್" ಎಂದರೆ, "ಆ ಸರ್ ಅಲ್ಲೇ ಬಿಟ್ಟು ಬಂದೀನಿ, ಕಾಕಾ ಅನ್ನು" ಎಂದರು. ಕೈಯಿಂದ ಅಕ್ಷರ ಕೊರೆಯುವುದನ್ನು ಕಲಿಸುತ್ತೇನೆ ಎಂದರೆಂದು ನಾನು ಭಾನುವಾರಗಳಂದು ಸ್ಕೂಟಿ ಹತ್ತಿ ಮಸ್ಕಿಗೆ ಹೋಗತೊಡಗಿದೆ. ನಮ್ಮ ಮನೆಯವರು ರೈಸ್ ಮಿಲ್ಲಿನಲ್ಲಿ ಡ್ರೈಯರ್ ನೋಡಿಕೊಳ್ಳುವವರು, ಅವರಿಗೆ ಭಾನುವಾರವೂ ಪಾಳಿ ಇರುತ್ತಿತ್ತು. ಹಾಗಾಗಿ ನನ್ನನ್ನು ತಡೆಯುವವರಿರಲಿಲ್ಲ.

ಮೊದಲ ಸಲ ಆ ಮನೆಗೆ ಹೋದಾಗ ನಾಣ್ಯಗಳನ್ನು ನೋಡುತ್ತೇನೆಂದುಕೊಂಡಿದ್ದೆ. ಇದ್ದದ್ದು ಚಿತ್ರಗಳು. ದೊಡ್ಡ ದೊಡ್ಡ ಕ್ಯಾನ್‌ವಾಸುಗಳು, ಕೆಲವು ಬಾಗಿಲಿಗಿಂತ ಎತ್ತರದವು, ಎಲ್ಲವೂ ಮುಖವನ್ನು ಗೋಡೆಗೆ ಮಾಡಿಕೊಂಡು ನಿಂತಿದ್ದವು. ಒಂದನ್ನು ತಿರುಗಿಸಿ ತೋರಿಸಿದರು. ಬೂದಿ ಬಣ್ಣ, ಅದರ ಕೆಳಗೆ ಕೊಳೆತ ಹಸಿರು, ನಡುವೆ ಅಡ್ಡಕ್ಕೆ ಒಂದು ನಡುಗುವ ಬಿಳಿ ಪಟ್ಟಿ. ನಾನು ತಲೆ ಆ ಕಡೆ ಈ ಕಡೆ ವಾಲಿಸಿದೆ.

"ಇದರಾಗ ಏನೈತ್ರೀ ಕಾಕಾ?"

"ಏನೂ ಇಲ್ಲ."

"ಮತ್ತ ಏನು ನೋಡ್ಬೇಕು?"

"ಅದನ್ನ ನೋಡು."

ನನಗೆ ತಿಳಿಯಲಿಲ್ಲ. ತಿಳಿದಂತೆ ನಟಿಸಲೂ ಇಲ್ಲ. ಅದಕ್ಕೇ ಅವರಿಗೆ ನಾನು ಹಿಡಿಸಿದೆನೆಂದು ಕಾಣುತ್ತದೆ. ಆಮೇಲೊಂದು ದಿನ ಅವರೇ ಹೇಳಿದರು. ನಾಣ್ಯದಲ್ಲಿ ಎಲ್ಲವೂ ಎಲ್ಲರಿಗೂ ಗುರುತು ಸಿಗಬೇಕು. ಹುಲಿ ಎಂದರೆ ಹುಲಿ, ತೆನೆ ಎಂದರೆ ತೆನೆ, ದೊಡ್ಡವರ ಮುಖ ಎಂದರೆ ಕುರುಡನೂ ಸವರಿ ಹೆಸರು ಹೇಳಬೇಕು. ಮೂವತ್ತು ವರ್ಷ ಬೇರೆಯವರು ಒಪ್ಪುವ ಗುರುತುಗಳನ್ನೇ ಮಾಡಿ ಮಾಡಿ ಬೇಸತ್ತು, ಗುರುತೇ ಇಲ್ಲದ ಬಣ್ಣಕ್ಕೆ ಓಡಿಹೋದೆ ಎಂದರು. ಆ ಚಿತ್ರಗಳನ್ನು ಯಾರೂ ಕೊಂಡಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಅದನ್ನು ಅವರು ಹವಾಮಾನದ ಸುದ್ದಿ ಹೇಳುವಂತೆ ಹೇಳಿದರು.

ಆ ವರ್ಷ ಅವರು ಬಣ್ಣ ಮುಟ್ಟುತ್ತಿರಲಿಲ್ಲ. ಮೇಜಿನ ಮೇಲೆ ಒಂದು ಗೇಣು ಅಗಲದ ದುಂಡು ಹಲಗೆ, ಅದರ ಮೇಲೆ ಜೇಡಿಮಣ್ಣು. ಮಣ್ಣಿನಲ್ಲಿ ಒಂದು ಹೆಂಗಸಿನ ಮುಖ, ಒಂದು ಮಗ್ಗಲಿನಿಂದ ಕಂಡಂತೆ.

"ಯಾರ್ರೀ ಇವರು?"

"ನಮ್ಮವ್ವ. ಆಗಬೇಕಿನ್ನೂ."

ಅವರ ಅವ್ವ ತೀರಿಕೊಂಡಾಗ ಕಾಕಾಗೆ ಎಂಟು ವರ್ಷ. ಫೋಟೋ ಒಂದೂ ಇರಲಿಲ್ಲ. ಕೂಲಿಯವರ ಓಣಿಗೆ ಆಗ ಫೋಟೋದವನು ಯಾಕೆ ಬರುತ್ತಾನೆ? ಊರೂರಿನ ದೊಡ್ಡವರ ಮುಖಗಳನ್ನು ಲೋಹಕ್ಕೆ ಇಳಿಸಿದ ಮನುಷ್ಯನಿಗೆ ತನ್ನ ತಾಯಿಯ ಮುಖ ನೆನಪಿರಲಿಲ್ಲ. ಅದು ಒಳಗೊಳಗೇ ಅವರನ್ನು ತಿನ್ನುತ್ತಿತ್ತು. ಅವ್ವನ ಮುಖ ಸರಿಯಾಗಿ ನೆನಪಿದ್ದವರು ಜಗತ್ತಿನಲ್ಲಿ ಒಬ್ಬರೇ ಉಳಿದಿದ್ದರು, ಬಳಗಾನೂರಿನಲ್ಲಿದ್ದ ಅವರ ಅಕ್ಕ ಹುಲಿಗೆಮ್ಮ. ಅವ್ವನ ನಂತರ ತಮ್ಮನನ್ನು ಸಾಕಿದವಳು ಅವಳೇ. ಅವಳಿಗೆ ಎಂಬತ್ತರ ಹತ್ತಿರ, ಎರಡೂ ಕಣ್ಣು ಹೋಗಿ ಐದಾರು ವರ್ಷವಾಗಿತ್ತು. ಚಿತ್ರ ಬರೆದು ತೋರಿಸುವಂತಿರಲಿಲ್ಲ. ಆದರೆ ಉಬ್ಬು ಕೆತ್ತನೆಯನ್ನು ಬೆರಳು ನೋಡಬಲ್ಲದು. ಅಕ್ಕನ ಬೆರಳು ಹೌದು ಎಂದರೆ ಅವ್ವ ಸಿಕ್ಕಂತೆ. ಆಮೇಲೆ ಅದನ್ನು ಕಂಚಿನಲ್ಲಿ ಸಣ್ಣ ಪದಕ ಮಾಡಿಸಿ ಅಕ್ಕನ ಕೊರಳಿಗೊಂದು, ತನ್ನ ಕಿಸೆಯಲ್ಲೊಂದು. ಅವರಿಗೆ ಬೇಕಿದ್ದದ್ದು ಅಷ್ಟೇ.

ಮೊದಲನೆಯದನ್ನು ಜೂನ್ ಕೊನೆಗೆ ತೆಗೆದುಕೊಂಡು ಹೋದೆವು. ಮಣ್ಣಿನ ಮುಖದ ಮೇಲೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆದು, ಆ ಅಚ್ಚಿಗೆ ಸಾಬೂನು ನೀರು ಸವರಿ, ಮತ್ತೆ ಪ್ಲಾಸ್ಟರ್ ಸುರಿದರೆ ಬಿಳಿ ಬಿಲ್ಲೆ ಬರುತ್ತದೆ. ಬರುವಷ್ಟರಲ್ಲಿ ಮಣ್ಣಿನದು ಕಲಸಿಹೋಗಿರುತ್ತದೆ. ನನ್ನ ಸ್ಕೂಟಿಯ ಹಿಂದೆ ಕಾಕಾ ಕುಳಿತು, ಹಸಿ ಬಿಲ್ಲೆಯನ್ನು ಕಂಬಳಿಯಲ್ಲಿ ಸುತ್ತಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದರು. ಹುಲಿಗೆಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಸೊಸೆ ಲಕ್ಷ್ಮಿ ಅತ್ತೆಯ ಕೈ ತೊಳೆಸಿ ಒರೆಸಿದಳು. ಅಕ್ಕನ ಬೆರಳು ಹಣೆಯಿಂದ ಇಳಿಯಿತು, ಕತ್ತಿನಲ್ಲಿ ನಿಂತಿತು.

"ಇಕಿ ಯಾವಾಕಿಲೇ? ರಾಣಿ ಇದ್ದಂಗ ಅದಾಳ."

ಕಾಕಾ ಹಣೆ ಬಡಿದುಕೊಂಡು ನಕ್ಕರು. ನಾಣ್ಯದ ಮುಖವೆಂದರೆ ಕತ್ತು ನೆಟ್ಟಗೆ, ಗದ್ದ ಮೇಲೆ. ಮೂವತ್ತು ವರ್ಷದ ರೂಢಿ, ಕೈ ತಾನಾಗಿಯೇ ಅವ್ವನ ಕತ್ತನ್ನೂ ನೆಟ್ಟಗೆ ನಿಲ್ಲಿಸಿತ್ತು. "ಅವ್ವ ಎಂದು ತಲಿ ಎತ್ತಿದ್ಲೋ? ಬಗ್ಗಿದಾಕಿ ಬಗ್ಗೇ ಹೋದ್ಲು" ಎಂದಳು ಹುಲಿಗೆಮ್ಮ. ಹೇಳುತ್ತಲೇ ಒತ್ತಿದಳು, ಹಸಿಯಾಗಿದ್ದ ಬಿಲ್ಲೆಯ ಮೇಲೆ ಉಗುರು ಹತ್ತಿ ಮೂಗು ಕೆರೆದುಹೋಯಿತು. ಭತ್ತದ ನಾಟಿಯಲ್ಲಿ, ಕಳೆ ಕೀಳುವುದರಲ್ಲಿ ಸವೆದ ಬೆರಳು ಅವಳದು, ಹಗುರವಾಗಿ ಮುಟ್ಟುವುದು ಅದಕ್ಕೆ ಬಾರದು. ಅಂದಿನಿಂದ ಕಾಕಾ ನಿಯಮ ಮಾಡಿದರು. ಎಲುಬಿನಂತೆ ಒಣಗುವವರೆಗೆ ಬಿಲ್ಲೆ ಮನೆ ಬಿಟ್ಟು ಹೊರಡಕೂಡದು.

ಎರಡನೆಯದು ಒಣಗಲು ಹನ್ನೊಂದು ದಿನ ಹಿಡಿಯಿತು. ನಾನು ದಿನಾ ಫೋನ್ ಮಾಡಿ ಕೇಳುವುದು, ಅವರು "ಇನ್ನೂ ತಂಪೈತಿ" ಎನ್ನುವುದು. ಬಿಲ್ಲೆಯನ್ನು ಕೆನ್ನೆಗೆ ಒತ್ತಿ ನೋಡುತ್ತಿದ್ದರು, ತಣ್ಣಗಿದ್ದರೆ ಒಳಗೆ ಹಸಿ ಇದೆ ಎಂದರ್ಥ. ಬೆರಳಗೆಣ್ಣಿನಿಂದ ಬಡಿದರೆ ಗಂಟೆಯ ದನಿ ಬರಬೇಕು. ಬಂದ ದಿನ ಹೊರಟೆವು. ಕಾಲುವೆಗೆ ನೀರು ಬಿಟ್ಟಾಗಿತ್ತು. ದಾರಿಯುದ್ದಕ್ಕೂ ಗದ್ದೆಗಳಲ್ಲಿ ಹೆಂಗಸರು ಸಾಲಾಗಿ ಬಗ್ಗಿ ಭತ್ತ ನಾಟಿ ಮಾಡುತ್ತಿದ್ದರು. ಕಾಕಾ ಗಾಡಿ ನಿಲ್ಲಿಸಲು ಹೇಳಿ ಬಹಳ ಹೊತ್ತು ನೋಡಿದರು. ಒಬ್ಬಳಾದರೂ ತಲೆ ಎತ್ತಲಿಲ್ಲ.

ಈ ಸಲ ಹುಲಿಗೆಮ್ಮನ ಬೆರಳು ಕತ್ತಿನಲ್ಲಿ ನಿಲ್ಲಲಿಲ್ಲ. ಗದ್ದ, ತುಟಿ, ಕೆನ್ನೆಯ ಎಲುಬು ದಾಟಿ "ಹೂಂ, ಹೂಂ" ಎನ್ನುತ್ತ ಹೋಯಿತು. ಕಿವಿಗೆ ಬಂದು ನಿಂತಿತು.

"ಕಿವಿ ಅವ್ವಂದಲ್ಲ."

"ಯಾಕಕ್ಕಾ?"

"ಅವ್ವನ ಕಿವಿ ಹರದಿತ್ತು. ಕೆಳಗ, ಎರಡು ತುಂಡಾಗಿ ಜೋತಾಡ್ತಿತ್ತು. ಮರ್ತೇನು? ಹರದಾವ ನೀನ. ಹಾಲು ಕುಡಿಯೋನು ಕಿವಿ ವಾಲಿಗೆ ಕೈ ಹಾಕಿ ಜಗ್ಗಿದಿ. ಅವ್ವ ಚೀರಲಿಲ್ಲ, ನೀ ಅಂಜೀಯಂತ."

ಕಾಕಾ ಬಿಲ್ಲೆಯನ್ನು ಮತ್ತೆ ಕಂಬಳಿಯಲ್ಲಿ ಸುತ್ತಿದರು. ಮಸ್ಕಿಗೆ ಮರಳಿದೆವು. ಮನೆಯ ಬಾಗಿಲು ತೆರೆಯುತ್ತ, "ನಂಗದು ಯಾರೂ ಹೇಳಿರಲಿಲ್ಲ ನೋಡು" ಎಂದು ಒಂದೇ ಮಾತು ಹೇಳಿ ಒಳಗೆ ಹೋದರು.

ಮೂರನೆಯದನ್ನು ಅವರು ಆರು ದಿನದಲ್ಲಿ ಮಾಡಿದರು. ನಾನು ಭಾನುವಾರ ಹೋದಾಗ ಮಣ್ಣಿನ ಮುಖ ಮುಗಿದಿತ್ತು. ನಾನು ಆ ತಾಯಿಯನ್ನು ಕಂಡವಳಲ್ಲ. ಆದರೂ ಬಾಗಿಲಲ್ಲೇ ನಿಂತುಬಿಟ್ಟೆ. ಅಷ್ಟು ತೆಳು ಉಬ್ಬಿನಲ್ಲಿ, ಮೂಗಿಗೆ ಒಂದು ಅಕ್ಕಿಕಾಳಿನ ದಪ್ಪ, ಕೆನ್ನೆಗೆ ಅರ್ಧ ಕಾಳು, ಅಷ್ಟರಲ್ಲೇ ಒಬ್ಬ ಹೆಂಗಸು ಯಾವುದೋ ಕೆಲಸದ ಮೇಲೆ ಬಗ್ಗಿದ್ದಳು. ಹರಿದ ಕಿವಿಯ ಎರಡು ತುಂಡು ಕತ್ತಿನ ಮೇಲೆ ಜೋತುಬಿದ್ದಿದ್ದವು. ನೋವು ನುಂಗಿದವಳ ತುಟಿ ಹೇಗಿರುತ್ತದೋ ಹಾಗಿತ್ತು ಆ ತುಟಿ. ಕಾಕಾ ಮಣ್ಣಾದ ಕೈಗಳನ್ನು ಜುಬ್ಬಾಕ್ಕೆ ಒರೆಸಿಕೊಂಡರು.

"ಬಂದ್ಲವಾ" ಎಂದರು. "ನಂಗ ನೆಪ್ಪಾತು. ಇಕಿನ."

ಅವರು ಅಷ್ಟು ಸಂತೋಷದಲ್ಲಿದ್ದದ್ದನ್ನು ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಅಂದೇ ಅಚ್ಚು ಹಾಕಿದರು. ಬಿಲ್ಲೆ ಬಂತು. ಹರಿದ ಕಿವಿಯ ಸಂದಿಯಲ್ಲಿ ಅಚ್ಚು ಹಿಡಿದುಕೊಂಡಿದ್ದರಿಂದ ಅದನ್ನು ಉಳಿಯಿಂದ ಚೂರು ಚೂರೇ ಒಡೆದು ತೆಗೆಯಬೇಕಾಯಿತು. ಮಣ್ಣೂ ಹೋಯಿತು, ಅಚ್ಚೂ ಹೋಯಿತು. ಜಗತ್ತಿನಲ್ಲಿ ಉಳಿದದ್ದು ಆ ಒಂದು ಬಿಲ್ಲೆ.

ಅಲ್ಲಿಂದ ಮಳೆ ಹಿಡಿಯಿತು. ನಮ್ಮ ಕಡೆ ಹೀಗೆ ಜಡಿ ಹಿಡಿಯುವುದು ಅಪರೂಪ. ಮೂರು ದಿನ, ಐದು ದಿನ, ಎಂಟು ದಿನವಾದರೂ ಸೂರ್ಯನ ಸುಳಿವಿಲ್ಲ. ಮಸ್ಕಿಯ ಮನೆ ಸೋರತೊಡಗಿತು. ಕಾಕಾ ಕ್ಯಾನ್‌ವಾಸುಗಳನ್ನು ಸೋರುವ ಕೋಣೆಯಲ್ಲೇ ಬಿಟ್ಟು ಬಿಲ್ಲೆಯನ್ನು ಮಾತ್ರ ನಮ್ಮ ಅಂಗಡಿಗೆ ತಂದಿಟ್ಟರು. ಮೇಲಿನ ಕಪಾಟಿನಲ್ಲಿ ಕಪ್ಪುಗಳ ನಡುವೆ ಅವ್ವ ಬಗ್ಗಿ ಕೂತಳು. ದಿನವೂ ನಾನು ಕೆನ್ನೆಗೆ ಒತ್ತಿ ನೋಡುತ್ತಿದ್ದೆ. ದಿನವೂ ತಣ್ಣಗೆ.

ಇತ್ತ ಲಕ್ಷ್ಮಿಯ ಫೋನು. "ಅಕ್ಕಾ, ಅತ್ತಿ ಊಟಾ ಸರಿ ಮಾಡವಲ್ರು. ಬೆಳಗ್ಗೆದ್ದು ಅಮರ್ಯಾ ಬಂದಾನೇನ, ಅವ್ವನ್ನ ತಂದಾನೇನ ಅಂತ ಕೇಳಾಕತ್ತಾರ. ಲಗೂನ ಬರ್ರಿ."

ಅದೇ ವಾರ ಲಿಂಗಸುಗೂರಿನಲ್ಲಿ ಕಾಕಾಗೆ ಒಂದು ಸನ್ಮಾನ ಇಟ್ಟುಕೊಂಡಿದ್ದರು. ಅವರಿಗೆ ಹೋಗಲು ಮನಸ್ಸಿರಲಿಲ್ಲ. ಆದರೆ ವೇದಿಕೆಯ ಮೇಲೆ ನಿಮ್ಮ ಚಿತ್ರವೊಂದನ್ನು ಇಡುತ್ತೇವೆ ಎಂದಿದ್ದರಿಂದ ಒಪ್ಪಿಕೊಂಡಿದ್ದರು. ಆ ಬೂದಿ ಬಣ್ಣದ, ಬಿಳಿ ಪಟ್ಟಿಯ ಚಿತ್ರವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬಸ್ಸಿನಲ್ಲಿ ಒಯ್ದರು. ರಾತ್ರಿ ಅಲ್ಲೇ ಗೆಳೆಯರೊಬ್ಬರ ಮನೆಯಲ್ಲಿದ್ದು ಮರುದಿನ ಬರುವವರಿದ್ದರು. ಅವರು ಬಸ್ಸು ಹತ್ತಿದ ಮೇಲೆ ನಾನು ಕಪಾಟಿನ ಕಡೆ ನೋಡಿದೆ.

ಹೊರಗೆ ಮಳೆ. ಅಲ್ಲಿ ಆ ಮುದುಕಿ ಕಾಯುತ್ತಿದ್ದಾಳೆ. ಇಲ್ಲಿ ಇದು ಒಣಗುತ್ತಿಲ್ಲ. ನಮ್ಮ ಮನೆಯವರ ಮಿಲ್ಲಿನಲ್ಲೋ, ಕುದಿಸಿದ ಭತ್ತವನ್ನು ಒಂದು ಪಾಳಿಯಲ್ಲಿ ಗರಿಗರಿಯಾಗಿ ಒಣಗಿಸುತ್ತಾರೆ. ಹೊಟ್ಟು ಉರಿಸುವ ಬಾಯ್ಲರು, ದೊಡ್ಡ ಕೊಳವೆಯಲ್ಲಿ ಬರುವ ಬಿಸಿಗಾಳಿ. ಈ ಊರಲ್ಲಿ ಮಳೆಗಾಲದಲ್ಲಿ ಏನು ಹಸಿಯಾದರೂ ಅಲ್ಲಿಗೇ ಒಯ್ಯುವುದು. ಮಕ್ಕಳ ಶಾಲೆಯ ಬೂಟು, ಹಪ್ಪಳ, ಒಮ್ಮೆ ಯಾರೋ ನೆನೆದ ಮನೆಪತ್ರಗಳನ್ನೂ ತಂದಿದ್ದರು. ನಾನು ಬಿಲ್ಲೆಯನ್ನು ಟವೆಲಿನಲ್ಲಿ ಸುತ್ತಿ ಮಿಲ್ಲಿಗೆ ಹೋದೆ.

"ಏನಾಗಂಗಿಲ್ಲಲ್ಲ?" ಎಂದು ಕೇಳಿದೆ. ಕೇಳಬೇಕಾದವರನ್ನು ಬಿಟ್ಟು ಭತ್ತದವರನ್ನು ಕೇಳಿದೆ.

"ಏನಾಗ್ತೈತಿ? ಕಾಳು ಒಡೀಲಾರದಂಗ ಒಣಗಸ್ತೀವಿ, ಇದು ಕಲ್ಲು" ಎಂದರು ನಮ್ಮ ಮನೆಯವರು. ಕೊಳವೆಯ ಬಾಯಿಯ ಮುಂದೆ ಒಂದು ಜಾಲರಿ ಹಾಕಿ ಅದರ ಮೇಲೆ ಜೋಪಾನವಾಗಿ ಇಟ್ಟರು. ಪಾಳಿ ಮುಗಿಯುವವರೆಗೆ ತಿರುವಿ ಹಾಕುತ್ತ ನೋಡಿಕೊಂಡರು. ಅವರ ಮೇಲೆ ತಪ್ಪು ಹೊರಿಸಲಾರೆ. ಒಯ್ದವಳು ನಾನು.

ಸಂಜೆಗೆ ಕೈಗೆ ಬಂದ ಬಿಲ್ಲೆ ಹೂವಿನಷ್ಟು ಹಗುರ, ಹಾಲಿನಷ್ಟು ಬಿಳಿ. ಬಿರುಕಿಲ್ಲ, ಕಲೆಯಿಲ್ಲ. ಕೆನ್ನೆಗೆ ಒತ್ತಿದೆ. ಬೆಚ್ಚಗಿತ್ತು. ನಾನು ಕುಣಿಯುವುದೊಂದು ಬಾಕಿ. ಕೂಡಲೇ ಲಕ್ಷ್ಮಿಗೆ ಫೋನ್ ಮಾಡಿ, "ನಾಳೆ ಬರ್ತೀವಿ ಅಂತ ನಿಮ್ಮತ್ತೀಗೆ ಹೇಳು" ಎಂದೆ.

ಮರುದಿನ ಮಧ್ಯಾಹ್ನ ಕಾಕಾ ಲಿಂಗಸುಗೂರಿನಿಂದ ನೇರ ಅಂಗಡಿಗೆ ಬಂದರು. ಕೈಯಲ್ಲಿ ಸನ್ಮಾನದ ಫಲಕವಿತ್ತು, ನಮ್ಮ ಅಂಗಡಿಯದೇ ಮಾಲು. ಚಿತ್ರ ಇರಲಿಲ್ಲ. ವೇದಿಕೆಯ ಮೇಲೆ ಚಿತ್ರದ ಮೇಲೆಯೇ ಬ್ಯಾನರ್ ಕಟ್ಟಿದ್ದರಂತೆ. ಭಾಷಣ ಮಾಡಿದ ನಾಲ್ವರೂ ನಾಣ್ಯದ ಬಗ್ಗೆ ಮಾತಾಡಿದರಂತೆ, ಕೊನೆಗೆ ಜನ ಬಂದು ಹತ್ತು ರೂಪಾಯಿಯ ಬಿಲ್ಲೆ ಹಿಡಿದು ಅವರ ಜೊತೆ ಫೋಟೋ ತೆಗೆಸಿಕೊಂಡರಂತೆ. "ಚಿತ್ರ?" ಎಂದೆ. "ಬೆಳಗಾದ್ರೂ ಬ್ಯಾನರ್ ಬಿಚ್ಚಲಿಲ್ಲ. ಬಸ್ಸಿನ ಹೊತ್ತಾತು. ಬಿಟ್ಟು ಬಂದೆ" ಎಂದರು. ಅದಕ್ಕೂ ಅವರಿಗೆ ಬೇಜಾರಿರಲಿಲ್ಲ. ಅವರ ಲಕ್ಷ್ಯವೆಲ್ಲ ಕಪಾಟಿನ ಮೇಲಿತ್ತು.

"ಕಾಕಾ, ಒಣಗೈತಿ!" ಎಂದೆ ನಾನು. ಮಿಲ್ಲಿನ ಸಂಗತಿಯನ್ನು ದೊಡ್ಡ ಸಾಹಸದಂತೆ ಹೇಳಿದೆ. ಹೇಳುತ್ತಿದ್ದಂತೆ ಅವರ ಮುಖ ಬದಲಾದದ್ದು ಕಾಣಿಸಿತು, ಆದರೂ ಮಾತು ನಿಲ್ಲಿಸಲು ನನಗೆ ತಿಳಿಯಲಿಲ್ಲ.

ಅವರು ಬಿಲ್ಲೆ ತೆಗೆದುಕೊಂಡರು. ಬೆರಳಗೆಣ್ಣಿನಿಂದ ಬಡಿದರು. ಗಂಟೆಯ ದನಿ ಬರಲಿಲ್ಲ. ರೊಟ್ಟಿ ಬಡಿದಂತಹ ಒಂದು ಸದ್ದು. ಹೆಬ್ಬೆರಳಿನಿಂದ ಮೂಗನ್ನು ಸವರಿದರು, ಬರಿ ಸವರಿದರು ಅಷ್ಟೇ. ಮೂಗು ಅವರ ಬೆರಳಿಗೆ ಬಿಳಿ ಬೂದಿಯಾಗಿ ಅಂಟಿಕೊಂಡು ಬಂತು. ಆಮೇಲೆ ತುಟಿ. ಕಿವಿಯ ಎರಡು ತುಂಡು ಉಸಿರಿಗೇ ಉದುರಿದವು.

ಅವರು ಬಹಳ ನಿಧಾನವಾಗಿ ವಿವರಿಸಿದರು, ಪಾಠ ಹೇಳಿದ ಹಾಗೆ. "ಇದು ಮೊದಲಿಗೆ ಕಲ್ಲು. ಸುಟ್ಟು ಅದರೊಳಗಿನ ನೀರು ತಗದ್ರ ಪುಡಿ. ಪುಡಿಗೆ ನೀರು ಕೊಟ್ರ ಮತ್ತ ಕಲ್ಲು. ಮ್ಯಾಲಿನ ಹಸಿ ಆರಬೇಕು. ಒಳಗಿನ ನೀರು ಹೋಗಬಾರದು. ಅದಕ್ಕ ಬೆಂಕಿ ತೋರಸಬಾರದು." ಬೆರಳಿಗಂಟಿದ ಪುಡಿ ನೋಡುತ್ತ, "ನಿಂದೇನು ತಪ್ಪಿಲ್ಲವಾ. ನಾ ಹೇಳಬೇಕಿತ್ತು" ಎಂದರು.

ಬೈದಿದ್ದರೆ, ಕಪಾಳಕ್ಕೆ ಹೊಡೆದಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ. ಆ ಮಾತು ನನ್ನನ್ನು ಕೊಂದಿತು. ನಾನು ಗಲ್ಲಾದ ಹಿಂದೆ ಕೂತು ಗೋಳೋ ಎಂದು ಅತ್ತೆ. ಅವರು ಅಂಗಡಿಯ ಕಸಬರಿಗೆ ತೆಗೆದುಕೊಂಡು ನೆಲದ ಮೇಲಿನ ಬಿಳಿ ಪುಡಿಯನ್ನು ತಾವೇ ಗುಡಿಸಿ ಒಂದು ಕಾಗದದಲ್ಲಿ ಕಟ್ಟಿಕೊಂಡು ಮಸ್ಕಿಯ ಬಸ್ಸು ಹತ್ತಿದರು.

ನಾಲ್ಕನೆಯದನ್ನು ಮಾಡಲು ಕೂತರು. ಮೂರನೆಯದು ಆರು ದಿನದಲ್ಲಿ ಆಗಿತ್ತು, ಇದು ಹದಿನೈದು ದಿನವಾದರೂ ಆಗಲಿಲ್ಲ. ಮಾಡುವುದು, ಕೆಡಿಸುವುದು. "ನೆಪ್ಪು ಮತ್ತ ಹೋಗೇತಿ" ಎನ್ನುತ್ತಿದ್ದರು. "ಆಗ ಕಂಡ್ಲು. ಈಗ ನಾ ಅಕಿನ್ನ ನೆಪ್ಪು ಮಾಡಾಕತ್ತಿಲ್ಲ, ಆ ಮೂರನೇ ಬಿಲ್ಲಿ ನೆಪ್ಪು ಮಾಡಾಕತ್ತೀನಿ." ನಾನು ಹತ್ತಿರ ಕೂತು ಏನೂ ಮಾಡಲಾಗದೆ ಮಣ್ಣಿಗೆ ನೀರು ಚಿಮುಕಿಸುತ್ತಿದ್ದೆ. ಸೋರಿದ ಕೋಣೆಯ ಕ್ಯಾನ್‌ವಾಸುಗಳಿಗೆ ಬೂಸಲು ಹತ್ತಿತ್ತು. ನೋಡಿಕೊಳ್ಳೋಣವೇ ಎಂದರೆ ಕೈ ಬೀಸಿ ಬೇಡವೆಂದರು.

ಹದಿನಾರನೆಯ ದಿನ ಲಕ್ಷ್ಮಿಯ ಫೋನು ಬಂತು. ಹುಲಿಗೆಮ್ಮನಿಗೆ ಲಕ್ವಾ ಹೊಡೆದಿತ್ತು. ಸಿಂಧನೂರಿನ ಆಸ್ಪತ್ರೆಯಲ್ಲಿ ಒಂದು ವಾರ ಇಟ್ಟುಕೊಂಡು ಮನೆಗೆ ಕಳಿಸಿದರು. ಬಲಗೈ ಪೂರ್ತಿ ಹೋಗಿತ್ತು. ಎಡಗೈ ಎತ್ತುತ್ತಿದ್ದಳು, ಆದರೆ ಆ ಬೆರಳುಗಳಿಗೂ ಸ್ಪರ್ಶ ಎಷ್ಟು ಉಳಿದಿದೆಯೋ ಹೇಳಲಾಗದು ಎಂದು ಡಾಕ್ಟರು ಹೇಳಿದ್ದರು. ಲಕ್ಷ್ಮಿ ನನಗೊಬ್ಬಳಿಗೆ ಪಿಸುಗುಟ್ಟಿದಳು, "ಬಿಸಿ ಚಹಾದ ಲೋಟ ಹಿಡಕೊಂಡು ಕೂತಿದ್ರು ಅಕ್ಕಾ. ಬೊಬ್ಬಿ ಎದ್ದಾವ. ಗೊತ್ತ ಆಗಿಲ್ಲ." ಅದನ್ನು ನಾನು ಕಾಕಾಗೆ ಹೇಳಲಿಲ್ಲ.

ನಾಲ್ಕನೆಯ ಬಿಲ್ಲೆ ಸೆಪ್ಟೆಂಬರಿನ ಬಿಸಿಲಲ್ಲಿ ತಾನಾಗಿಯೇ ಒಣಗಿತು. ಬಡಿದರೆ ಗಂಟೆಯ ದನಿ ಬರುತ್ತಿತ್ತು. "ಅವ್ವ ಹೌದೋ ಅಲ್ಲೋ ನಂಗ ಗೊತ್ತಿಲ್ಲ. ಅಕ್ಕನ ಹೇಳಬೇಕು" ಎಂದರು ಕಾಕಾ. ದಾರಿಯ ಗದ್ದೆಗಳೆಲ್ಲ ಆಗ ದಟ್ಟ ಹಸಿರಾಗಿದ್ದವು, ಬಗ್ಗಿದ ಹೆಂಗಸರು ಯಾರೂ ಇರಲಿಲ್ಲ.

ಹುಲಿಗೆಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಬಾಯಿ ಒಂದು ಕಡೆ ಎಳೆದಿತ್ತು. ತಮ್ಮನ ದನಿ ಕೇಳುತ್ತಲೇ ಎಡಗೈ ಚಾಚಿದಳು. ಕಾಕಾ ಬಿಲ್ಲೆಯನ್ನು ಅವಳ ತೊಡೆಯ ಮೇಲಿಟ್ಟರು. ಅವಳು ಅದನ್ನು ಅವಸರದಿಂದ ಎದೆಗೆ ಎಳೆದುಕೊಂಡಳು, ಎಳೆದುಕೊಳ್ಳುವಾಗ ಅದು ಹೊರಳಿತು. ಮುಖ ಸೀರೆಯ ಕಡೆಗಾಯಿತು. ನಮ್ಮ ಕಡೆ ಬಂದದ್ದು ಬೆನ್ನು, ಏನೂ ಇಲ್ಲದ ಸಪಾಟು ಬೆನ್ನು.

ಅವಳ ಬೆರಳು ಆ ಬೆನ್ನಿನ ಮೇಲೆ ಚಲಿಸತೊಡಗಿತು. ಮೇಲಿನಿಂದ ಕೆಳಗೆ, ಮೊದಲಿನ ಸಲದಂತೆಯೇ, ಹಣೆ ಹುಡುಕಿದಂತೆ, ಮೂಗು ಹುಡುಕಿದಂತೆ. ಒಂದು ತಿಂಗಳ ಹಿಂದೆ ಆ ಬೆರಳುಗಳಲ್ಲಿ ಪೂರ್ತಿ ಜೀವವಿತ್ತು. ಒಂದು ತಿಂಗಳ ಹಿಂದೆ ಸರಿಯಾದ ಅವ್ವ ನನ್ನ ಕಪಾಟಿನಲ್ಲಿದ್ದಳು. ಎರಡೂ ಒಟ್ಟಿಗೆ ಇದ್ದ ದಿನಗಳನ್ನು ನಾನು ಒಣಗಿಸಲು ಒಯ್ದಿದ್ದೆ.

"ಅವ್ವ..." ಎಂದಳು ಹುಲಿಗೆಮ್ಮ. ಮಾತು ತೊದಲುತ್ತಿತ್ತು, ಆದರೆ ಸ್ಪಷ್ಟವಾಗಿತ್ತು. "ಹೌದ್ಲೇ ತಮ್ಮಾ. ಅವ್ವನ."

ಲಕ್ಷ್ಮಿ ಬಾಗಿಲ ಬಳಿಯಿಂದ, ಏನೂ ಕಾಣದೆ, ಸಂಭ್ರಮದಿಂದ ಕೇಳಿದಳು. "ಕಿವಿ ಐತೇನ್ರಿ ಅತ್ತಿ?"

"ಐತಿ. ಹರದದ್ದು ಹಂಗ ಐತಿ."

ನಾನು ಬಿಲ್ಲೆಯನ್ನು ತಿರುಗಿಸಲು ಕೈ ಚಾಚಿದೆ. ಕಾಕಾ ನನ್ನ ಮಣಿಕಟ್ಟು ಹಿಡಿದುಕೊಂಡರು. ಬಿಗಿಯಾಗಿ ಹಿಡಿದು ಹಾಗೇ ಇದ್ದರು.

"ಹೌದಕ್ಕಾ" ಎಂದರು. "ಅವ್ವನ."

ಹುಲಿಗೆಮ್ಮ ಬಿಲ್ಲೆಯನ್ನು ಎದೆಗೆ ಒತ್ತಿಕೊಂಡು ಗೋಡೆಗೆ ತಲೆ ಆನಿಸಿದಳು. ಅವಳಿಗೆ ಏನು ತಿಳಿದಿತ್ತೋ, ಎಷ್ಟು ತಿಳಿದಿತ್ತೋ ನಾನು ಇಂದಿಗೂ ಹೇಳಲಾರೆ.

"ಸಾಕಿನ್ನ" ಎಂದಳು. "ಮತ್ತ ಮಾಡಬ್ಯಾಡೋ ತಮ್ಮಾ. ದಣಿದೀ."

ಅವರು ಮತ್ತೆ ಮಾಡಲಿಲ್ಲ.